ಅಟ್ಟದ ಗೆದ್ದಲು

“ಬರೀ ನೀರು ಹೊಡೆದು ಹೋಗಿದ್ದೀಯಲ್ಲೋ, ಕಳ್ಳ,” ಎಂದ ಮ್ಯಾನೇಜರ್, ಕೈಯಲ್ಲಿದ್ದ ಮರದ ಚಕ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. “ಬಾಟಲಿ ಮೇಲಿನ ಅಕ್ಷರ ಓದೋಕೆ ಬರದವನ ಕೈಗೆ ವಿಷ ಕೊಟ್ರೆ ಇನ್ನೇನಾಗುತ್ತೆ? ಔಷಧಿ ಹೊರಗೆ ಮಾರ್ಕೊಂಡಿದ್ದಾನೆ, ನಮ್ಮ ಗೋಡೆಗೆ ಸ್ನಾನ ಮಾಡಿಸಿ ಹೋಗಿದ್ದಾನೆ.”

ಪಾಳಿ ಬದಲಾಗುವ ಹೊತ್ತು. ಹೊರಡುವವರು, ಬರುವವರು ಸೇರಿ ಮೂವತ್ತು ಜನ ಎರಕದ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದರು. ಸ್ನಾನ ಎಂದಾಗ ನಾಲ್ಕಾರು ಮಂದಿ ನಕ್ಕರು. ಮ್ಯಾನೇಜರ್ ಹೆಬ್ಬೆರಳಿನಿಂದ ಒತ್ತಿದ್ದೇ ತಡ, ಚಕ್ರದ ಅಂಚು ಬಿಸ್ಕತ್ತಿನಂತೆ ಮುರಿದು ಅವನ ಬೂಟಿನ ಮೇಲೆ ಬಿತ್ತು. ಮತ್ತೆ ನಗು. ನಗುವವರಿಗೇನು, ಅವರ ಹೆಸರು ಹೇಳಿ ಬೈದಿರಲಿಲ್ಲವಲ್ಲ.

ಬೈಸಿಕೊಂಡವನನ್ನು ಜೊತೆಯವರು ಕರೆಯುವುದು ಹುತ್ತ ಎಂದು. ಎಲ್ಲಿ ಹುತ್ತ ಕಂಡರೂ ಕೂತು ಕೆದಕುತ್ತಾನೆಂದು ಆ ಹೆಸರು. ಅವನ ಸೋದರಮಾವನದು ಗೆದ್ದಲಿಗೆ ಔಷಧಿ ಹೊಡೆಯುವ ಕಸುಬು. ಒಂದು ಹಳೆಯ ವ್ಯಾನು, ಎರಡು ಪಂಪು, ಒಂದು ಡ್ರಿಲ್ಲು, ಈ ಅಳಿಯ, ಇಷ್ಟೇ ಕಂಪನಿ. ಹುತ್ತ ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಬಿಟ್ಟದ್ದು ಓದು ಬಾರದೆ ಅಲ್ಲ, ತಪ್ಪಿಲ್ಲದೆ ಹೊಡೆದ ಮೇಷ್ಟರ ಕೈಯಿಂದ ಬೆತ್ತ ಕಿತ್ತು ಮುರಿದದ್ದಕ್ಕೆ. ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಅವನು ಆ ಮ್ಯಾನೇಜರ್‌ಗಿಂತ ಚೆನ್ನಾಗಿ ಓದುತ್ತಿದ್ದ. ಅವನ ಸಿಟ್ಟು ಎಂಥದೆಂದು ಗೊತ್ತಿದ್ದ ಮಾವ ಆಗಲೇ ಮುಂಗೈ ಹಿಡಿದು ನಿಂತಿದ್ದ, ಹಗ್ಗ ಕಿತ್ತುಕೊಳ್ಳುವ ಹೋರಿಯನ್ನು ಹಿಡಿದಂತೆ.

ಆದರೆ ಹುತ್ತ ಎಳೆದಾಡಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ಕಿವಿಯವರೆಗೂ ಕೆಂಪೇರಿ, ಬೂಟಿನ ಮೇಲೆ ಬಿದ್ದ ಮರದ ಪುಡಿಯನ್ನೇ ನೋಡುತ್ತಿದ್ದ. ಇದಕ್ಕೆ ಜವಾಬು ಕೊಡಲು ನಾಳೆ ಸಂಜೆಯವರೆಗೆ ಸಮಯ, ಆಮೇಲೆ ಲೈಸೆನ್ಸ್ ಕೊಟ್ಟ ಆಫೀಸಿಗೂ ಸುತ್ತಲಿನ ಅಷ್ಟೂ ಕಾರ್ಖಾನೆಗಳಿಗೂ ಕಾಗದ ಬರೆಯುತ್ತೇನೆ, ನಿನ್ನ ವ್ಯಾನಿಗೆ ಯಾವ ಗೇಟೂ ತೆಗೆಯಬಾರದು, ಹಾಗೆ ಮಾಡುತ್ತೇನೆ ಎಂದು ಮ್ಯಾನೇಜರ್ ಮಾವನ ಮುಖಕ್ಕೇ ಹೇಳಿ ಒಳಗೆ ಹೋದ. ವ್ಯಾನು ಹತ್ತಿದ ಮೇಲೆ ಮಾವ ಒಂದೆರಡು ಸಲ ಅಳಿಯನ ಕಡೆ ತಿರುಗಿ ನೋಡಿದ. ಬೈಗುಳಕ್ಕಿಂತ ಈ ಮೌನವೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಕಾರ್ಖಾನೆಯಲ್ಲಿ ಎರಕ ಹೊಯ್ಯುವುದು ನೀರಿನ ಪಂಪುಗಳ ಬಿಡಿಭಾಗಗಳನ್ನು. ಮೊದಲು ಮರದಲ್ಲಿ ಅಚ್ಚು ಮಾಡಿಕೊಳ್ಳುತ್ತಾರೆ. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ. ಆ ಗುಳಿಗೆ ಕರಗಿದ ಕಬ್ಬಿಣ. ಅಚ್ಚು ಹೋದರೆ ಕೆಲಸವೇ ಹೋಯಿತು. ನಲವತ್ತು ವರ್ಷದ ಅಚ್ಚುಗಳು ಮೇಲಿನ ಅಟ್ಟದಲ್ಲಿದ್ದವು; ಮ್ಯಾನೇಜರ್ ಎತ್ತಿ ಹಿಡಿದ ಚಕ್ರ ಅವುಗಳಲ್ಲಿ ಒಂದು, ಈಗ ಗೆದ್ದಲು ತಿಂದದ್ದು. ಆರು ತಿಂಗಳ ಹಿಂದೆ ಕೆಳಗಿನ ಬಾಗಿಲ ಚೌಕಟ್ಟಿಗೆ, ಮರದ ಪೆಟ್ಟಿಗೆಗಳಿಗೆ ಗೆದ್ದಲು ಹತ್ತಿದೆಯೆಂದು ಮಾವನನ್ನು ಕರೆಸಿದ್ದರು. ಇವರು ಗೋಡೆಯ ಬುಡದಲ್ಲಿ ಅಡಿಗೊಂದು ತೂತು ಕೊರೆದು, ಔಷಧಿ ಕಲಸಿದ ನೀರನ್ನು ನೆಲದೊಳಗೆ ಇಳಿಸಿ, ಸಿಮೆಂಟು ಮೆತ್ತಿ ಬಂದಿದ್ದರು. ಹನ್ನೆರಡು ಡ್ರಮ್ಮು ಇಳಿದಿತ್ತು.

ಹುತ್ತನ ಬಾಯಿ ಕಟ್ಟಿದ್ದು ಆ ಹನ್ನೆರಡರ ಲೆಕ್ಕವೇ. ಡ್ರಮ್ಮಿಗೊಂದು ಬಾಟಲಿ ಸುರಿಯಬೇಕು, ಸುರಿದ ಬಾಟಲಿಯ ಮುಚ್ಚಳವನ್ನು ಜೇಬಿಗೆ ಹಾಕಿಕೊಳ್ಳಬೇಕು, ಇದು ಮಾವ ಕಲಿಸಿದ ಪದ್ಧತಿ. ಕೈ ತುಂಬ ಕೆಸರು, ಕಿವಿ ತುಂಬ ಡ್ರಿಲ್ಲಿನ ಸದ್ದು ಇರುವಾಗ ಬಾಯಿಲೆಕ್ಕ ನಿಲ್ಲುವುದಿಲ್ಲ; ಮುಚ್ಚಳ ಸುಳ್ಳು ಹೇಳುವುದಿಲ್ಲ. ಅವತ್ತು ಕೊನೆಯ ಡ್ರಮ್ಮಿಗೆ ನೀರು ತುಂಬುತ್ತಿದ್ದಾಗ ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಅಮ್ಮನ ಫೋನು ಬಂತು. ಒಳಗೆ ಮಾತು ಕೇಳಿಸದೆ ಗೇಟಿನವರೆಗೆ ಓಡಿದ. ವಾಪಸು ಬಂದು, ಎಲ್ಲಿಗೆ ಬಿಟ್ಟಿದ್ದೆ ಎಂಬುದರ ಮೇಲೆ ಮನಸ್ಸೇ ಇಲ್ಲದೆ, ಪಂಪಿನ ಕೊಳವೆ ಇಳಿಸಿ ಮೂಡಣ ಗೋಡೆಯನ್ನು ಮುಗಿಸಿಬಿಟ್ಟ. ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಜೇಬು ಮಗುಚಿದರೆ ಹನ್ನೊಂದೇ ಮುಚ್ಚಳ. ಓಡುವಾಗ ಒಂದು ಬಿದ್ದಿರಬಹುದು. ಬಿದ್ದಿಲ್ಲದೆಯೂ ಇರಬಹುದು. ಅಷ್ಟರಲ್ಲಿ ನರ್ಸ್ ಬಂದು ಹೆಣ್ಣು ಮಗು ಎಂದಳು. ಮಾವ ಸಿಹಿ ಹಂಚಲು ಓಡಿದ. ಹೇಳುವ ಹೊತ್ತು ಹಾಗೇ ಜಾರಿತು. ಆ ಮಗುವಿಗೆ ಈಗ ಆರು ತಿಂಗಳು. ಅದು ನಕ್ಕಾಗಲೆಲ್ಲ ಹುತ್ತನಿಗೆ ಒಂದು ಮುಚ್ಚಳ ನೆನಪಾಗುತ್ತಿತ್ತು.

ಮ್ಯಾನೇಜರ್ ಬೈದ ದಿನ ಸಂಜೆ ಮಾವನ ಶೆಡ್ಡಿನಲ್ಲಿ ಪಂಪು ತೊಳೆಯುತ್ತಿದ್ದಾಗ, ಇವನು ಕೇಳಿಸಿಕೊಳ್ಳಲಾರದ ಆ ಪ್ರಶ್ನೆ ಬಂದೇ ಬಂತು.

“ಔಷಧಿ ಹಾಕಿದ್ದೆ ತಾನೆ?”

ಹಾಕಿದ್ದೆ ಎನ್ನಲು ಬಾಯಿ ತೆರೆದ. ಬಂದದ್ದು ಹನ್ನೊಂದು ಮುಚ್ಚಳದ ಕತೆ. ತಲೆ ತಗ್ಗಿಸಿ, ಕೈಯಲ್ಲಿದ್ದ ಕೊಳವೆಯನ್ನು ಹಿಂಡುತ್ತ, ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮಾವ ಬಾರಿಸುತ್ತಾನೆ ಎಂದುಕೊಂಡಿದ್ದ, ಬಾರಿಸಿದ್ದರೆ ಚೆನ್ನಾಗಿತ್ತು. ಮಾವ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತ. ಇಪ್ಪತ್ತೆರಡು ವರ್ಷದಿಂದ ಅವನು ಈ ಕಸುಬಿನಲ್ಲಿ ಗಳಿಸಿದ್ದು ಆ ಹಳೆಯ ವ್ಯಾನು ಮತ್ತು ತಾನು ಮೋಸ ಮಾಡುವವನಲ್ಲ ಎಂಬ ಜನರ ಮಾತು, ಎರಡೇ.

“ಆರು ತಿಂಗಳು ಹೊಟ್ಟೇಲಿಟ್ಕೊಂಡಿದ್ಯಾ ಇದನ್ನ?” ಎಂದ ಕೊನೆಗೆ.

“ನಿನಗೆ ಹೇಗೆ ಹೇಳ್ಲಿ ಮಾವ.”

“ನಾಳೆ ಬೆಳಿಗ್ಗೆ ಮೂಡಣ ಗೋಡೆ ಒಡೆದು ನೋಡೋಣ. ನೀರೇ ಆಗಿದ್ರೆ ನೀರು ಅಂತ ನಾನೇ ಹೇಳ್ತೀನಿ. ನಿನ್ನ ಹೆಸರು ಎತ್ತಲ್ಲ.”

ನಿನ್ನ ಹೆಸರು ಎತ್ತಲ್ಲ ಎಂಬ ಮಾತು ಹುತ್ತನಿಗೆ ಮ್ಯಾನೇಜರ್‌ನ ಕಳ್ಳ ಎಂಬ ಮಾತಿಗಿಂತ ಆಳಕ್ಕೆ ಇಳಿಯಿತು. ಬೈದವನ ಮೇಲೆ ಸಿಟ್ಟು ಮಾಡಬಹುದು. ಇಂಥವನ ಮೇಲೆ ಏನು ಮಾಡುವುದು?

ಬೆಳಿಗ್ಗೆ ಇಬ್ಬರೂ ಮ್ಯಾನೇಜರ್ ಬರುವ ಮೊದಲೇ ಕಾರ್ಖಾನೆಯಲ್ಲಿದ್ದರು. ಬಾಗಿಲು ತೆಗೆದವನು ಅಚ್ಚು ಕೆತ್ತುವ ಮುದುಕ ಬಡಗಿ. ಅಲ್ಲಿ ಎಲ್ಲರಿಗೂ ಅವನು ಅಜ್ಜ. ನಿನ್ನೆ ನಗದೆ ನಿಂತಿದ್ದವರಲ್ಲಿ ಅವನೊಬ್ಬ. ಅಟ್ಟದ ಬೀಗದ ಕೈ ಅವನ ಸೊಂಟದಲ್ಲಿ. ಅಟ್ಟದ ಅಚ್ಚುಗಳಲ್ಲಿ ಹೆಚ್ಚಿನವು ಅವನ ಕೈಯವೇ, ಆದರೂ ಯಾರನ್ನೂ ಬೈಯದೆ, ಮೊದಲು ಚಹಾ ಕುಡಿಯಿರಿ ಎಂದ. ಗೋಡೆ ನೋಡಿದ ಮೇಲೆ ಕುಡಿಯುತ್ತೇನೆ ಎಂದ ಹುತ್ತ.

ಮೂಡಣ ಗೋಡೆಯ ಪಕ್ಕ ಒದ್ದೆ ಮರಳಿನ ರಾಶಿ. ವರ್ಷವಿಡೀ ತೇವ ಆರದ ಜಾಗ. ಗೆದ್ದಲಿಗೆ ಇದಕ್ಕಿಂತ ಒಳ್ಳೆಯ ತವರು ಇನ್ನೊಂದಿಲ್ಲ. ಹಿಂದೆ ಬೆರಳು ದಪ್ಪದ ಮಣ್ಣಿನ ಸುರಂಗಗಳು ಇಲ್ಲಿಂದಲೇ ಬಳ್ಳಿಗಳಂತೆ ಮೇಲೆ ಹಬ್ಬಿದ್ದವು. ಹುತ್ತ ಮರಳನ್ನು ಸಲಿಕೆಯಿಂದ ಸರಿಸಿದ. ಗೋಡೆಗೆ ಉಳಿಯಿಟ್ಟು ಬಡಿದ. ಮಾವ ಬ್ಯಾಟರಿ ಬೆಳಕು ಬಿಟ್ಟ. ಗಾರೆ ಒಂದು ಹಲಗೆಯಷ್ಟು ಅಗಲ ಕಳಚಿ ಬಿತ್ತು. ಹಿಂದೆ ಸುರಂಗವಿತ್ತು.

ಜೀವವಿದ್ದರೆ ಸುರಂಗದ ಮಣ್ಣು ತಣ್ಣಗೆ, ಮೆತ್ತಗೆ ಇರುತ್ತದೆ. ಮುರಿದ ಕೂಡಲೇ ಬಿಳಿ ಹುಳಗಳು ಚೆಲ್ಲಿದ ಅಕ್ಕಿಯಂತೆ ಕದಲುತ್ತವೆ. ಹುತ್ತ ಉಗುರಿನಿಂದ ಒತ್ತಿದ. ಒಣ ಮಣ್ಣು ಪುಡಿಯಾಗಿ ಉದುರಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಪುಡಿ. ಗೋಡೆಯ ಬುಡದಲ್ಲಿ ಮೊಣಕೈಯವರೆಗೆ ಅಗೆದು, ಮೇಲಕ್ಕೆ ಮಂಡಿಯೆತ್ತರಕ್ಕೆ ಕೆರೆದು, ಎಂಟು ಹತ್ತು ಕಡೆ ನೋಡಿದ. ಸುರಂಗದ ತಳದಲ್ಲಿ ಸತ್ತ ಹುಳಗಳ ಕಂದು ಬಣ್ಣದ ಸಿಪ್ಪೆ, ನಡುವೆ ಕಾವಲು ಹುಳಗಳ ಕಿತ್ತಳೆ ತಲೆಗಳು, ಬಾಗಿದ ದವಡೆಗಳ ಸಮೇತ. ಇಲ್ಲಿ ಬರೀ ನೀರು ಇಳಿದಿದ್ದರೆ ಈ ತೇವದಲ್ಲಿ ಗೂಡು ಎರಡರಷ್ಟು ಬೆಳೆದಿರುತ್ತಿತ್ತು.

ಹುತ್ತ ಅಗೆದ ಗುಂಡಿಯ ಪಕ್ಕ ಕುಕ್ಕರಿಸಿ ಕೂತುಬಿಟ್ಟ.

“ಹಾಕಿದ್ದೆ ಮಾವ,” ಎಂದ. ಸ್ವಂತ ಧ್ವನಿಯನ್ನು ತಾನೇ ಮೊದಲ ಸಲ ಕೇಳುವವನಂತಿದ್ದ. “ಹನ್ನೆರಡನೇದಕ್ಕೂ ಹಾಕಿದ್ದೆ.”

ಮಾವ ಬ್ಯಾಟರಿ ಆರಿಸಿ, ಅಳಿಯನ ತಲೆಯ ಮೇಲೆ ಅಂಗೈ ಇಟ್ಟು ಒಮ್ಮೆ ಅಲುಗಾಡಿಸಿದ. ಈಗ ಚಹಾ ಕುಡಿಯುತ್ತೀಯೇನೋ ಎಂದು ಅಜ್ಜ ಹಿಂದಿನಿಂದ ಕೇಳಿದಾಗ ಹುತ್ತ ಎರಡು ಲೋಟ ಕುಡಿದ.

ಆದರೆ ಕೆಳಗಿನವು ಸತ್ತಿದ್ದರೆ ಮೇಲೆ ತಿಂದದ್ದು ಯಾರು? ಅದನ್ನು ತಿಳಿಯದೆ ಮ್ಯಾನೇಜರ್ ಮುಂದೆ ನಿಂತರೆ, ಕೆಳಗಿನವು ಮೇಲೆ ಗುಳೆ ಹೋಗಿವೆ ಎನ್ನುತ್ತಾನೆ ಎಂದ ಮಾವ. ಮೂವರೂ ಕಬ್ಬಿಣದ ಏಣಿ ಹತ್ತಿದರು.

ಅಟ್ಟ ಕುಲುಮೆಯ ಪಕ್ಕಕ್ಕೇ ಇತ್ತು; ತಗಡಿನ ಸೂರಿನ ಕೆಳಗೆ ಗಾಳಿಯೇ ಸುಡುತ್ತಿತ್ತು. ಅಚ್ಚು ತೇವಕ್ಕೆ ಉಬ್ಬಬಾರದೆಂದು ಬೇಕೆಂದೇ ಹಾಗೆ ಕಟ್ಟಿದ್ದಂತೆ. ಎರಡು ನಿಮಿಷದಲ್ಲಿ ತುಟಿ ಒಣಗಿತು. ಹುತ್ತ ಹಲಗೆಗಳ ಹಿಂದೆ, ಕಂಬಗಳ ಬುಡದಲ್ಲಿ, ಮೂಲೆಮೂಲೆಯಲ್ಲಿ ಮಣ್ಣು ಹುಡುಕಿದ. ಒಂದು ಚಿಟಿಕೆ ಮಣ್ಣಿಲ್ಲ. ಕೆಳಗಿನ ಜಾತಿಯ ಹುಳ ಇಲ್ಲಿಗೆ ಸುರಂಗವಿಲ್ಲದೆ ಬಂದರೆ ಅರ್ಧ ಗಂಟೆಯಲ್ಲಿ ಒಣಗಿ ಸುರುಟಿಹೋಗುತ್ತದೆ. ಹಾಗಾದರೆ ಇದು ಆ ಜಾತಿಯೇ ಅಲ್ಲ. ನಿನ್ನೆ ಮ್ಯಾನೇಜರ್‌ನ ಬೂಟಿನ ಮೇಲೆ ಬಿದ್ದ ಪುಡಿಯಲ್ಲೂ ಮಣ್ಣಿರಲಿಲ್ಲ. ಕಣ್ಣೆದುರಿಗೇ ಇತ್ತು, ಅಳುಕು ತುಂಬಿದ ಕಣ್ಣಿಗೆ ಕಂಡಿರಲಿಲ್ಲ.

ಹುಳಗಳ ಜಾತಿಯ ವಿಷಯ ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ಔಷಧಿ ಅಂಗಡಿಯವನು ಬಿಸಾಡುವ ಇಂಜೆಕ್ಷನ್ ಬಾಟಲಿಗಳಲ್ಲಿ ಅವನು ಹೋದಲ್ಲೆಲ್ಲ ಕಾವಲು ಹುಳ ಹಿಡಿದು ಸ್ಪಿರಿಟ್ಟಿನಲ್ಲಿಟ್ಟು ಜಾಗದ ಹೆಸರು ಅಂಟಿಸುತ್ತಿದ್ದ. ಉಳಿದ ಹುಡುಗರು ಹುಡುಗಿಯರ ಫೋಟೋ ಇಟ್ಟುಕೊಳ್ಳುತ್ತಾರೆ, ಇವನು ಹುಳದ ಹೆಣ ಇಟ್ಟುಕೊಳ್ಳುತ್ತಾನೆ ಎಂದು ಮಾವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ನದಿ ಪಕ್ಕದ ಗೋದಾಮಿನವು ಬಿಸಿಲು ತಾಗಿದರೆ ಸಾಯುವಂಥವು. ಬೋಳುಗುಡ್ಡದ ಹುಲ್ಲಿನಲ್ಲಿ ಸಿಕ್ಕವು ಕಪ್ಪು ಮೈಯವು, ಹಾಡಹಗಲೇ ಸಾಲುಗಟ್ಟಿ ಹುಲ್ಲುಕಡ್ಡಿ ಹೊತ್ತು ನಡೆಯುವಂಥವು. ಕಾಡಂಚಿನ ಮರದ ಮೇಲೆ ಗೂಡು ಕಟ್ಟಿದವುಗಳ ಕಾವಲು ಹುಳಕ್ಕೆ ದವಡೆಯೇ ಇಲ್ಲದಂತೆ, ಚೂಪು ಮೂಗು. ಅದರಿಂದ ಅಂಟು ಚಿಮ್ಮಿಸುತ್ತವೆ. ಜನಕ್ಕೆ ಎಲ್ಲವೂ ಗೆದ್ದಲು. ಇವನಿಗೆ ಒಂದೊಂದು ನೆಲಕ್ಕೂ ಒಂದೊಂದು ಬುಡಕಟ್ಟು.

ಅಟ್ಟದ ಕೊನೆಯ ಹಲಗೆಯ ಕೆಳಗೆ ಅವನು ಮಂಡಿಯೂರಿದ. ಗಸಗಸೆ ಚೆಲ್ಲಿದಂತೆ ಸಣ್ಣ ಕಾಳಿನ ಗುಡ್ಡೆಯಿತ್ತು. ಬೆರಳ ಮೇಲೆ ಉಜ್ಜಿದ. ಪುಡಿಯಾಗಲಿಲ್ಲ, ಒಂದೊಂದು ಕಾಳಿಗೂ ಕೆತ್ತಿದಂಥ ಮೂಲೆಗಳು. ತಲೆಯೆತ್ತಿ ನೋಡಿದರೆ ಮೇಲಿನ ಅಚ್ಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ತೂತು.

“ಅಜ್ಜ, ಇದನ್ನ ಸೀಳಲಾ?”

“ಹೋದದ್ದು ಹೋಗಿದೆ, ಸೀಳು,” ಎಂದ ಅಜ್ಜ. ಆದರೆ ಉಳಿ ತಾಗುವಾಗ ಮುಖ ಬೇರೆ ಕಡೆ ತಿರುಗಿಸಿದ.

ಒಳಗೆ ಮರ ಸ್ವಚ್ಛವಾಗಿತ್ತು. ನೆಲದ ಗೆದ್ದಲು ಮರದ ನರ ಹಿಡಿದು ಉದ್ದಕ್ಕೆ ತಿನ್ನುತ್ತದೆ, ತಿಂದಲ್ಲಿ ಮಣ್ಣು ಮೆತ್ತುತ್ತದೆ. ಇವು ನರವನ್ನೇ ಲೆಕ್ಕಿಸದೆ ಅಡ್ಡಡ್ಡ ಕೊರೆದು, ಉಪ್ಪುಕಾಗದದಿಂದ ಉಜ್ಜಿದಷ್ಟು ನುಣುಪಾಗಿ ಕೋಣೆಗಳನ್ನು ಮಾಡಿಕೊಂಡಿದ್ದವು. ನೂರಿನ್ನೂರು ಹುಳ, ಅಷ್ಟೇ. ಅವಸರವಿಲ್ಲದ ಸಣ್ಣ ಸಂಸಾರ. ಒಂದು ಕೋಣೆಯ ಬಾಯಿಗೆ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಎಬ್ಬಿಸಿದಾಗ ಕಾವಲು ಹುಳ ಹೊರಬಿತ್ತು. ಅದರ ತಲೆ ಮುಂದುಗಡೆ ಕತ್ತರಿಸಿ ಹಾಕಿದಂತೆ ಚಪ್ಪಟೆ, ಗಟ್ಟಿ, ಬಾಟಲಿಯ ಬಿರಡೆಯಂತೆ. ಕೋಣೆಗೆ ಶತ್ರು ಬಂದರೆ ತಲೆಯನ್ನೇ ಬಾಗಿಲಿಗೆ ಜಡಿದು ನಿಲ್ಲುವ ಜಾತಿ. ಇಂಥದ್ದನ್ನು ಅವನು ಹಿಂದೆ ಒಂದೇ ಸಲ ನೋಡಿದ್ದ, ಹಡಗಿನಲ್ಲಿ ಬಂದಿಳಿದ ಒಂದು ಪೆಟ್ಟಿಗೆಯ ಮರದಲ್ಲಿ.

ನೀರಿಲ್ಲದೆ ಇವು ಬದುಕುವುದು ಹೇಗೆಂದು ಮಾವ ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಬಗ್ಗಿ ನೋಡಿದ್ದು ನೆಲವನ್ನೇ.

“ಮರದಲ್ಲಿರೋ ತೇವಾನೇ ಸಾಕು ಮಾವ ಇವಕ್ಕೆ. ಆ ಕಾಳು ಇವುಗಳ ಹೇಲು. ಅದನ್ನೂ ಹಿಂಡಿ ಒಣಗಿಸಿಯೇ ಹೊರಗೆ ಹಾಕ್ತವೆ. ನೆಲಕ್ಕೆ ಇಳಿಯೋದೇ ಇಲ್ಲ. ನಾವು ಸಮುದ್ರದಷ್ಟು ಔಷಧಿ ಸುರಿದಿದ್ರೂ ಇವಕ್ಕೆ ಸುದ್ದಿ ಮುಟ್ತಿರಲಿಲ್ಲ.”

“ಜಿಪುಣ ಮುಂಡೇವು,” ಎಂದ ಮಾವ, ಮೆಚ್ಚಿಕೊಂಡವನಂತೆ. ಆರು ತಿಂಗಳಲ್ಲಿ ಹುತ್ತ ಅಷ್ಟು ಸಲೀಸಾಗಿ ನಕ್ಕದ್ದು ಅದೇ ಮೊದಲು.

ಅಜ್ಜ ಮಾತ್ರ ನಗಲಿಲ್ಲ. ಸೀಳಿದ ಅಚ್ಚನ್ನು ಎತ್ತಿಕೊಂಡು ಅದರ ಹೊರಮೈಯನ್ನು ಬೆರಳಿಂದ ಸವರುತ್ತಿದ್ದ. ಮೇಲೆ ನೀಲಿ ಬಣ್ಣ. ನನ್ನ ಅಚ್ಚಿಗೆ ನಾನು ಯಾವತ್ತೂ ಕೆಂಪೇ ಬಳಿಯುವುದು ಎಂದ. ನೀಲಿಯವು ಎರಡು ವರ್ಷದ ಹಿಂದೆ ಬಂದರಿನ ಹತ್ತಿರ ಮುಚ್ಚಿಹೋದ ಒಂದು ಕಾರ್ಖಾನೆಯಿಂದ ಲಾರಿ ತುಂಬ ಬಂದವು. ಹಳೆಯ ಮರ, ಒಂದು ತಿಂಗಳು ಬೇರೆ ಇಟ್ಟು ನೋಡೋಣ ಎಂದು ಅಜ್ಜ ಹೇಳಿದ್ದ. ಜಾಗವಿಲ್ಲ, ಮೇಲೆ ಸೇರಿಸು ಎಂದಿದ್ದ ಮ್ಯಾನೇಜರ್. ಈಗ ಎಣಿಸಿದರೆ ಹತ್ತರಲ್ಲಿ ಒಂಬತ್ತು ತೂತು ಬಿದ್ದದ್ದು ನೀಲಿಗೇ. ಕೆಂಪಿನಲ್ಲಿ, ಅವಕ್ಕೆ ಅಂಟಿಕೊಂಡಂತೆ ಇಟ್ಟಿದ್ದವಕ್ಕೆ ಮಾತ್ರ ಹತ್ತಿತ್ತು. ಆಚೆ ಕಡೆಯ ಹಲಗೆಗಳು ಹಾಗೇ ಉಳಿದಿದ್ದವು.

ಮ್ಯಾನೇಜರ್ ಏಣಿ ಹತ್ತಿ ಬಂದಾಗ ಹಿಂದೆ ಮೇಸ್ತ್ರಿಯೂ ನಾಲ್ಕೈದು ಆಳುಗಳೂ ಇದ್ದರು. ನಿನ್ನೆಯ ಆಟದ ಎರಡನೇ ಭಾಗ ನೋಡಲು ಬಂದವರು. ಮಾವ ಮೊದಲು ಅವನನ್ನು ಕೆಳಗಿಳಿಸಿ ಮೂಡಣ ಗೋಡೆಯ ಸತ್ತ ಸುರಂಗ ತೋರಿಸಿದ, ಮತ್ತೆ ಮೇಲೆ ಹತ್ತಿಸಿ ಕಾಳಿನ ಗುಡ್ಡೆ ತೋರಿಸಿದ. ಎರಡು ಸಲ ಏಣಿ ಹತ್ತಿದ ಮ್ಯಾನೇಜರ್ ಕೊರಳಪಟ್ಟಿ ಸಡಿಲಿಸಿ ಏದುಸಿರು ಬಿಡುತ್ತಿದ್ದ. ಹುತ್ತ ಬಿಳಿ ಕಾಗದದ ಮೇಲೆ ಎರಡು ತಲೆಗಳನ್ನಿಟ್ಟ, ಕೆಳಗಿನದೊಂದು, ಮೇಲಿನದೊಂದು. ಮೇಸ್ತ್ರಿ ಬಗ್ಗಿ ನೋಡಿ, ಅಣ್ಣತಮ್ಮಂದಿರೂ ಅಲ್ಲ ಇವು ಎಂದ. ಆಮೇಲೆ ಅಜ್ಜ, ಯಾರನ್ನೂ ದೂರದೆ, ನೀಲಿ ಅಚ್ಚುಗಳನ್ನು ಒಂದೊಂದಾಗಿ ತಂದು ಮ್ಯಾನೇಜರ್‌ನ ಮುಂದೆ ಸಾಲಾಗಿ ಜೋಡಿಸಿದ. ಜೋಡಿಸುತ್ತಲೇ ಹೋದ. ಮ್ಯಾನೇಜರ್‌ನ ಮುಖ ಹುಳ್ಳಗಾಯಿತು. ಒಬ್ಬ ಆಳು ಕೆಮ್ಮು ಬಂದವನಂತೆ ಆಚೆ ತಿರುಗಿದ.

ಉಳಿದವನ್ನು ಉಳಿಸಿಕೊಳ್ಳುವ ದಾರಿಯನ್ನೂ ಹುತ್ತನೇ ಹೇಳಿದ. ಕೆಳಗೆ, ಎರಕದೊಳಗೆ ಪೊಳ್ಳು ಉಳಿಸಲು ಇಡುವ ಮರಳಿನ ತಿರುಳು ಒಣಗಿಸುವ ಒಲೆಮನೆ ಇದೆಯಲ್ಲ, ಅದನ್ನು ಹದವಾಗಿ, ಕೈ ಒಳಗಿಟ್ಟರೆ ತಡೆಯಲಾಗದಷ್ಟು ಮಾತ್ರ ಬಿಸಿ ಮಾಡಿ ಅಚ್ಚುಗಳನ್ನು ಒಂದು ಹಗಲು ಒಳಗಿಡಿ. ಈ ಅಟ್ಟದ ಸೆಕೆ ತಾಳಿದ ಹುಳ ಆ ಶಾಖ ತಾಳಲಾರದು. ಮರ ಬಿರಿಯದಂತೆ ನಾನು ಪಕ್ಕದಲ್ಲೇ ಕೂತಿರುತ್ತೇನೆ ಎಂದ ಅಜ್ಜ. ನಲವತ್ತು ವರ್ಷದ ದುಡಿಮೆ ಪೂರ್ತಿ ಹೋಗಿಲ್ಲವೆಂದು ಆಗ ಅವನ ಮುಖಕ್ಕೂ ಸ್ವಲ್ಪ ಬಣ್ಣ ಬಂತು. ಕಾಗದ ಬರೆಯುವ ಮಾತು ಇನ್ನಿಲ್ಲವಲ್ಲ ಸಾರ್ ಎಂದು ಮಾವ ಕೇಳಿದ. ಇಲ್ಲ, ಇಲ್ಲ ಎಂದು ಮ್ಯಾನೇಜರ್ ಗಾಳಿಯಲ್ಲಿ ಕೈ ಆಡಿಸಿದ.

ಅವನು ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆಳುಗಳು ನೋಡುತ್ತಿದ್ದರು. ಅವರ ಮುಂದೆ ಬರಿಗೈಯಲ್ಲಿ ಏಣಿ ಇಳಿಯಲು ಅವನಿಗೆ ಮನಸ್ಸಾಗಲಿಲ್ಲ.

“ಇಷ್ಟೆಲ್ಲ ಗೊತ್ತಿದ್ದವನು ನಿನ್ನೆಯೇ ಹೇಳಬಹುದಿತ್ತಲ್ಲೋ,” ಎಂದ ಹುತ್ತನ ಕಡೆ ತಿರುಗಿ. “ಬಾಯಲ್ಲಿ ಏನು ಇಟ್ಕೊಂಡಿದ್ದೆ? ಸುಮ್ಮನೆ ನನ್ನ ಕೈಲಿ ಅನ್ನಿಸಿಕೊಂಡೆ.”

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಮಾವನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಅಳಿಯನ ಮುಂಗೈ ಹಿಡಿಯಿತು. ಹಿಡಿದ ಮೇಲೆ ಗೊತ್ತಾಯಿತು, ಅಲ್ಲಿ ಬಿಗಿದ ಮುಷ್ಟಿಯೇ ಇರಲಿಲ್ಲ. ಬೆರಳುಗಳು ನಿದ್ದೆ ಬಂದವನ ಬೆರಳುಗಳಂತೆ ಸಡಿಲವಾಗಿದ್ದವು. ಮಾವ ಕೈ ಬಿಟ್ಟ.

ಹುತ್ತ ಮ್ಯಾನೇಜರ್‌ನನ್ನು ಒಂದು ಕ್ಷಣ ನೋಡಿದ, ಎಲ್ಲೋ ಕಂಡ ಮುಖ, ಎಲ್ಲೆಂದು ನೆನಪಾಗುತ್ತಿಲ್ಲ ಎಂಬಂತೆ. ಉಳಿಯನ್ನೂ ಸುತ್ತಿಗೆಯನ್ನೂ ಚೀಲಕ್ಕೆ ಹಾಕಿದ. ಚೀಲವನ್ನು ಹೆಗಲಿಗೇರಿಸಿ, ದಾರಿಗಡ್ಡ ನಿಂತ ಆಳುಗಳು ಸರಿಯುವವರೆಗೆ ಕಾದು, ಏಣಿ ಇಳಿದ.

ಹೊರಗೆ ಅಂಗಳದಲ್ಲಿ ಒಬ್ಬ ಹೆಂಗಸು ಕೊಳವೆ ಹಿಡಿದು ಹೊಸ ಮರಳಿಗೆ ನೀರು ಬಿಡುತ್ತಿದ್ದಳು. ಅವನು ಬರುವುದನ್ನು ಕಂಡು, ಬಟ್ಟೆ ನೆನೆಯದಿರಲೆಂದು ಕೊಳವೆಯನ್ನು ಆಚೆ ತಿರುಗಿಸಿ ಒಣ ಜಾಗ ಬಿಟ್ಟುಕೊಟ್ಟಳು. ಅವನು ಆ ಕಡೆ ಹೋಗಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಒದ್ದೆ ಮರಳಿನ ಮೇಲೇ ನಡೆದ. ಗೇಟಿನವರೆಗೂ ಅವಸರವಿಲ್ಲದ ಹೆಜ್ಜೆಗಳು ಒಂದರ ಹಿಂದೊಂದು ಮೂಡುತ್ತ ಹೋದವು, ಒಂದೊಂದರಲ್ಲೂ ಮೆಲ್ಲಗೆ ನೀರು ತುಂಬಿಕೊಳ್ಳುತ್ತಿತ್ತು.